ಮೆಹೆಂದಿ ಅಂದರೆ ಯಾವ ಮೆಹೆಂದಿ?

ಮುಹೂರ್ತಗಳು ಸಾಲುಸಾಲಾಗಿ ಬರುವ ತಿಂಗಳು, ನಮ್ಮ ಸಲೂನಿನಲ್ಲಿ ಶನಿವಾರ ಬೆಳಿಗ್ಗೆ ಹನ್ನೊಂದರ ಅಪಾಯಿಂಟ್‌ಮೆಂಟ್. ಸೊಂಟದವರೆಗೆ ಕೂದಲು, ಬುಡ ಲೆವೆಲ್ 2, ಅಂದರೆ ಬಹುತೇಕ ಕಪ್ಪು. ತಂಗಿಯ ಮದುವೆಯ ರಿಸೆಪ್ಷನ್‌ಗೆ ಕ್ಯಾರಮೆಲ್ ಹೈಲೈಟ್ಸ್ ಬೇಕು. "ಕಲರ್, ಸ್ಮೂತನಿಂಗ್, ರಿಬಾಂಡಿಂಗ್ ಏನಾದರೂ ಆಗಿದೆಯಾ ಮೇಡಂ?" ಅಂತ ಕೇಳಿದೆ. "ಏನೂ ಇಲ್ಲಮ್ಮ, ಬರೀ ಮೆಹೆಂದಿ. ಮೂರ್ನಾಲ್ಕು ತಿಂಗಳಿಗೊಂದು ಸಲ, ಮನೆಯಲ್ಲೇ." ಕಾರ್ಡಿನಲ್ಲಿ ಹೆನ್ನಾ ಅಂತ ಬರೆದು ಬ್ಲೀಚ್ ಕಲಸುವ ಬೌಲ್ ಕೈಗೆತ್ತಿಕೊಂಡೆ.

ಮುಂದಲೆಯಲ್ಲಿ ಅವರಿಗೆ ನರೆ ಇತ್ತು ಅನ್ನುವುದು ಬುಡದ ಹೊಸ ಬೆಳವಣಿಗೆಯಲ್ಲೇ ಗೊತ್ತಾಗುತ್ತಿತ್ತು. ಆ ನರೆಗೂದಲು ಬುಡ ಬಿಟ್ಟು ಮಿಕ್ಕೆಲ್ಲ ಕಡೆ ಕಪ್ಪಗಿತ್ತು. ಬರೀ ಮೆಹೆಂದಿ ಹಾಕಿದ್ದರೆ ನರೆ ಕಿತ್ತಳೆ ಆಗಬೇಕು. ಮೆಹೆಂದಿ ಎಲೆಯಲ್ಲಿರುವ ಬಣ್ಣದ ಅಂಶ ಲಾಸೋನ್ ಕೊಡುವುದು ಕೆಂಪು-ಕಿತ್ತಳೆ ಮಾತ್ರ, ಕಪ್ಪು ಕೊಡುವುದಿಲ್ಲ. ಕಪ್ಪಾಗಿದೆ ಅಂದರೆ ಜೊತೆಗೆ ಇನ್ನೇನೋ ಸೇರಿದೆ. ಈ ಕಸುಬಿನಲ್ಲಿ ಮೊದಲ ವರ್ಷವೇ ಕಲಿಯುವ ಮಾತು ಇದು. ಕಣ್ಣೆದುರಿಗಿದ್ದರೂ ನಾನು ಓದಲಿಲ್ಲ.

ಬ್ಲೀಚ್ ಪೌಡರ್ ಒಂದು ಪಾಲು, ಡೆವಲಪರ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್ ಎರಡು ಪಾಲು, ಅದರ ಬಲ 20 ವಾಲ್ಯೂಮ್ (ಈ ಅಂಕಿ ಹೆಚ್ಚಿದಷ್ಟೂ ಬಲ ಹೆಚ್ಚು). ಕುತ್ತಿಗೆಯ ಹಿಂಭಾಗದಿಂದ ಫಾಯಿಲ್ ಹಾಕುತ್ತ ಬಂದೆ. ಒಂಬತ್ತನೆಯದನ್ನು ಮಡಚಿ ಮೊದಲನೆಯದನ್ನು ಬಿಚ್ಚಿ ನೋಡಿದಾಗ ಹತ್ತು ನಿಮಿಷ ಆಗಿತ್ತು. ಬುಡದ ನಾಲ್ಕೈದು ಸೆಂಟಿಮೀಟರ್ ಕೆಂಪು-ಕಿತ್ತಳೆಗೆ ಬಂದಿತ್ತು. ಅಲ್ಲಿಂದ ಕೆಳಗೆ ಮಸಿಯ ಹಾಗೆ ಕಪ್ಪು, ಒಂದಿಷ್ಟೂ ಕದಲಿರಲಿಲ್ಲ. ಬೆರಳಿಗೆ ಬೆಚ್ಚಗೆ ತಗುಲಿತು. ಮೈಕಾವು, ಕುತ್ತಿಗೆಯ ಹತ್ತಿರ ಅಲ್ಲವೇ ಅಂದುಕೊಂಡೆ. ಆದರೆ ಬೆಚ್ಚಗಿದ್ದದ್ದು ಫಾಯಿಲಿನ ಬುಡವಲ್ಲ, ಕೆಳತುದಿ. ಮೈಕಾವು ಅಷ್ಟು ದೂರ ಮುಟ್ಟುವುದಿಲ್ಲ. ಇನ್ನೂ ಮೂರು ಫಾಯಿಲ್ ಹಾಕಿದೆ. ಆ ಮೂರು ಫಾಯಿಲ್‌ಗಳ ಹೊತ್ತೇ ಇವತ್ತಿಗೂ ಚುಚ್ಚುವುದು.

"ಅಕ್ಕಾ, ಇದು ಸುಡ್ತಿದೆ," ಅಂದಳು ಟ್ರಾಲಿ ಹಿಡಿದು ನಿಂತಿದ್ದ ಜೂನಿಯರ್. ಎರಡನೇ ಸಾಲಿನ ಫಾಯಿಲ್ ಉಬ್ಬಿಕೊಂಡಿತ್ತು, ಅಂಚಿನಿಂದ ಆವಿ ಬರುತ್ತಿತ್ತು. ಬಿಚ್ಚಿದರೆ ಮಿಶ್ರಣ ನೊರೆ ನೊರೆ, ಮೂಗಿಗೆ ಹೊಡೆಯುವ ಘಾಟು. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಇಷ್ಟೇ: ಫಾಯಿಲನ್ನು ತಲೆಯಿಂದ ದೂರ ಹಿಡಿದು ಜಾರಿಸಿ ತೆಗೆಯಬೇಕು, ಒದ್ದೆ ಟವೆಲ್‌ನಲ್ಲಿ ಮಿಶ್ರಣವನ್ನು ಕೆಳಮುಖವಾಗಿ ಒರೆಸಬೇಕು, ಬ್ಯಾಕ್‌ವಾಶ್‌ನಲ್ಲಿ ತಣ್ಣೀರು ಬಿಡಬೇಕು. ಬಿಸಿನೀರು ಬಿಟ್ಟರೆ ಕ್ರಿಯೆ ಇನ್ನೂ ಜೋರಾಗುತ್ತದೆ. ಶಾಂಪೂ ಹಾಕಿ ಉಜ್ಜಿದರೆ ಆಗಲೇ ಸೋತಿರುವ ಕೂದಲು ಕೈಗೇ ಬರುತ್ತದೆ. ಪೂರ್ತಿ ಐದು ನಿಮಿಷ ಬರೀ ತಣ್ಣೀರು ಹರಿಯಲಿ, ಜಾರುವ ಅಂಟೆಲ್ಲ ಹೋದ ಮೇಲೆ ಆಮ್ಲೀಯ ಕಂಡಿಷನರ್. ಕ್ಲೈಂಟ್‌ಗೆ ಸುಳ್ಳು ಹೇಳಬಾರದು. "ಮೇಡಂ, ಕೂದಲಲ್ಲಿರುವ ಯಾವುದೋ ವಸ್ತು ಬ್ಲೀಚ್ ಜೊತೆ ಕೂಡುತ್ತಿಲ್ಲ, ನಿಲ್ಲಿಸ್ತಿದ್ದೀನಿ" ಅಂದೆ. ಪುಣ್ಯಕ್ಕೆ ನೆತ್ತಿಗೆ, ಕುತ್ತಿಗೆಗೆ ಏನೂ ಆಗಿರಲಿಲ್ಲ. ಎರಡು ಫಾಯಿಲ್‌ಗಳ ಕೂದಲು ಮಾತ್ರ ಒದ್ದೆಯಲ್ಲಿ ಎಳೆದರೆ ರಬ್ಬರಿನಂತೆ ಹಿಗ್ಗಿ ವಾಪಸ್ ಹೋಗುತ್ತಿರಲಿಲ್ಲ. ತುದಿಯಿಂದ ಒಂದು ಗೇಣು ಮೇಲೆ ತುಂಡಾಯಿತು.

ಆಮೇಲೆ ಕೂತು ಮತ್ತೆ ಕೇಳಿದೆ, ಈ ಸಲ ಸರಿಯಾಗಿ. ಕಬ್ಬಿಣದ ಬಾಣಲೆಯಲ್ಲಿ ಮೆಹೆಂದಿ ಪುಡಿ, ಟೀ ಡಿಕಾಕ್ಷನ್, ನಿಂಬೆರಸ, ರಾತ್ರಿಯಿಡೀ ನೆನೆ. ತಾಯಿ ಕಲಿಸಿದ ಕ್ರಮ. ಅವಸರ ಇದ್ದ ತಿಂಗಳು ಅಂಗಡಿಯ ಕಪ್ಪು ಮೆಹೆಂದಿ ಪ್ಯಾಕೆಟ್. ಮನೆಗೆ ಬೋರ್‌ವೆಲ್ ನೀರು. ಇಷ್ಟೂ ಸತ್ಯವನ್ನೇ ಅವರು ಮೊದಲು "ಬರೀ ಮೆಹೆಂದಿ" ಅಂತ ಹೇಳಿದ್ದರು. ಅವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಬಾಣಲೆಯ ಕಬ್ಬಿಣ ಹುಳಿಗೆ ಕರಗಿ, ಟೀಯ ಟ್ಯಾನಿನ್ ಜೊತೆ ಸೇರಿ ಕಪ್ಪಾಗುತ್ತದೆ. ಆ ಕಪ್ಪೇ ನರೆಯನ್ನು ಮುಚ್ಚುವುದು. ಕಬ್ಬಿಣ, ತಾಮ್ರ ಎರಡೂ ಹೈಡ್ರೋಜನ್ ಪೆರಾಕ್ಸೈಡನ್ನು ಬಹುಬೇಗ ಒಡೆಯುತ್ತವೆ, ಒಡೆಯುವಾಗ ಶಾಖ ಹುಟ್ಟುತ್ತದೆ. ಹೀಗಾಗಿ ಬಣ್ಣ ತೆಗೆಯಬೇಕಾದ ಪೆರಾಕ್ಸೈಡ್ ಆ ಕೆಲಸ ಬಿಟ್ಟು ಕೂದಲಿನ ಪ್ರೋಟೀನನ್ನು ಹರಿದುಹಾಕುತ್ತದೆ. ಹೊಸದಾಗಿ ಬೆಳೆದ ಬುಡ ಚೆನ್ನಾಗಿ ಲಿಫ್ಟ್ ಆಗಿ (ಬಣ್ಣ ತಿಳಿಯಾಗಿ), ಕೆಳಗಿನದು ಕಪ್ಪಾಗೇ ಉಳಿದು ಬಿಸಿಯಾದದ್ದು ಇದಕ್ಕೇ.

ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. 60 ಸೆಂಟಿಮೀಟರ್ ಕೂದಲಿನ ತುದಿ ನಾಲ್ಕು ವರ್ಷ ಹಳೆಯದು. "ಇತ್ತೀಚೆಗೆ ಏನಾದರೂ ಹಾಕಿದ್ದೀರಾ?" ಅನ್ನುವ ಪ್ರಶ್ನೆಗೆ ಬರುವ ಉತ್ತರ ಬುಡದ ಹತ್ತು ಸೆಂಟಿಮೀಟರ್‌ಗಷ್ಟೇ ಸಾಲುತ್ತದೆ. ಈಗ ನಾನು ಕೂದಲಿನ ಉದ್ದವನ್ನು ವರ್ಷಕ್ಕೆ ತಿರುಗಿಸಿಕೊಂಡೇ ಕೇಳುವುದು: "ಈ ನಾಲ್ಕು ವರ್ಷದಲ್ಲಿ ಮೆಹೆಂದಿ ಹಾಕಿದ್ದೀರಾ? ಯಾವ ಪಾತ್ರೆಯಲ್ಲಿ ಕಲಸಿದಿರಿ? ನರೆ ಯಾವ ಬಣ್ಣಕ್ಕೆ ಬಂತು? ಪ್ಯಾಕೆಟ್ ಆದರೆ ಎಷ್ಟು ಹೊತ್ತಿಗೆ ಬಣ್ಣ ಹಿಡೀತು?" ಅರ್ಧ-ಮುಕ್ಕಾಲು ಗಂಟೆಗೇ ಕಪ್ಪು ಹಿಡಿಸುವ ಪ್ಯಾಕೆಟ್ ಆದರೆ ಹೆಸರು ಮೆಹೆಂದಿ ಇದ್ದರೂ ಬಹುಮಟ್ಟಿಗೆ ಅದು ಪಿಪಿಡಿ ಅನ್ನುವ ರಾಸಾಯನಿಕ ಇರುವ ಡೈ. ನೀಲಿ ಸೊಪ್ಪಿನ ಪುಡಿ ಅಂದರೆ ಇಂಡಿಗೋ, ಅದು ಬ್ಲೀಚ್‌ಗೆ ಹಸಿರಾಗಿ ತಿರುಗುತ್ತದೆ. ದಿನಾ ಹಚ್ಚಿಕೊಂಡರೆ ನಿಧಾನವಾಗಿ ನರೆ ಕಪ್ಪಾಗುತ್ತದೆ ಅನ್ನುವ ನೀರಿನಂಥ ಡೈ ಆದರೆ ಸೀಸದ ಅಥವಾ ಬೆಳ್ಳಿಯ ಲವಣದ ಗುಮಾನಿ ಇಟ್ಟುಕೊಳ್ಳಬೇಕು.

ಬಾಯಿಮಾತಿಗಿಂತ ಕೂದಲೇ ಖಚಿತ. ಕುತ್ತಿಗೆಯ ಮೇಲಿನಿಂದ ಇಪ್ಪತ್ತು ಎಳೆ ಪೂರ್ತಿ ಉದ್ದಕ್ಕೆ ಕತ್ತರಿಸಿ, ಬುಡದ ಕಡೆ ದಾರ ಕಟ್ಟಿ. ಗಾಜಿನ ಬಟ್ಟಲಲ್ಲಿ 30 ಎಂಎಲ್ 20 ವಾಲ್ಯೂಮ್ ಪೆರಾಕ್ಸೈಡ್, ಅದಕ್ಕೆ ಶೇ 28ರ ಅಮೋನಿಯಾ 20 ಹನಿ. ಕೂದಲನ್ನು ಅದರಲ್ಲಿ 30 ನಿಮಿಷ ಮುಳುಗಿಸಿಡಿ. ತಕ್ಷಣ ಬಣ್ಣ ತಿಳಿಯಾದರೆ ಸೀಸ. ಕುದಿದು, ಬಿಸಿಯಾಗಿ, ಎಳೆದರೆ ಕಿತ್ತು ಬಂದರೆ ತಾಮ್ರ. ಏನೇನೂ ಬದಲಾಗದಿದ್ದರೆ ಬೆಳ್ಳಿಯ ಲೇಪ ಇದೆಯೇ ಅಂತ ಯೋಚಿಸಬೇಕು, ಪಾಸಾಯಿತು ಅಂತ ಅಲ್ಲ. ಯಾವ ಲೋಹ ಅನ್ನುವುದಕ್ಕಿಂತ ಬಿಸಿ, ಗುಳ್ಳೆ, ಘಾಟು ಈ ಮೂರರಲ್ಲಿ ಒಂದು ಕಂಡರೂ ಆ ಕೂದಲಿಗೆ ಬ್ಲೀಚ್ ಇಲ್ಲ, ಪರ್ಮನೆಂಟ್ ಕಲರ್ ಇಲ್ಲ, ರಿಬಾಂಡಿಂಗೂ ಇಲ್ಲ. ರಿಬಾಂಡಿಂಗ್ ಕೊನೆಗೆ ಹಚ್ಚುವ ಹಲವು ನ್ಯೂಟ್ರಲೈಸರ್‌ಗಳಲ್ಲಿ ಇರುವುದೂ ಪೆರಾಕ್ಸೈಡೇ. ಈ ಪರೀಕ್ಷೆ ದಾಟಿದರೆ ಎರಡನೆಯದು: 5 ಗ್ರಾಂ ಪೌಡರ್, 10 ಎಂಎಲ್ ಡೆವಲಪರ್, ಇನ್ನೊಂದು ಎಳೆಗೆ ಹಚ್ಚಿ ಫಾಯಿಲಿನಲ್ಲಿಟ್ಟು ಐದೈದು ನಿಮಿಷಕ್ಕೆ ನೋಡುವುದು. ಮುಟ್ಟಿ ನೋಡುವುದು ಬರಿಗೈಯ ಮಣಿಕಟ್ಟಿನಿಂದ. ಗ್ಲೌಸ್ ಹಾಕಿದ ಬೆರಳಿಗೆ ಶಾಖ ತಡವಾಗಿ ತಿಳಿಯುತ್ತದೆ. ಶುದ್ಧ ಮೆಹೆಂದಿ ಆದರೆ ಕಿತ್ತಳೆಯಲ್ಲಿ ಬಂದು ಹಟ ಹಿಡಿದು ನಿಲ್ಲುತ್ತದೆ. ಅಲ್ಲಿ 40 ವಾಲ್ಯೂಮ್ ಹಿಡಿಯಬೇಡಿ, ಇರುವ ಕಿತ್ತಳೆಯನ್ನೇ ತಾಮ್ರವರ್ಣದ ಕಂದು ಬಣ್ಣವಾಗಿ ಟೋನ್ ಮಾಡಿ ಕ್ಲೈಂಟನ್ನು ಒಪ್ಪಿಸಿ.

ಇಷ್ಟಕ್ಕೆಲ್ಲ ಮುಕ್ಕಾಲು ಗಂಟೆ ಬೇಕು. ನಮ್ಮ ಸಾಫ್ಟ್‌ವೇರಿನಲ್ಲಿ ಕನ್ಸಲ್ಟೇಶನ್‌ಗೆ ಇರುವುದು ಹತ್ತು ನಿಮಿಷ. ಡೈ ಅಲರ್ಜಿ ನೋಡುವ "ಪ್ಯಾಚ್ ಟೆಸ್ಟ್ ಆಗಿದೆ" ಅನ್ನುವ ಟಿಕ್ ಹಾಕದೆ ಬಿಲ್ ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ ಅದನ್ನು ಫ್ರಂಟ್ ಡೆಸ್ಕಿನವರೇ ಹಾಕಿಬಿಡುತ್ತಾರೆ. ಮೇಲೆ ಹೇಳಿದಂತೆ ಎಳೆಯ ಮೇಲೆ ಮಾಡುವ ಸ್ಟ್ರಾಂಡ್ ಟೆಸ್ಟ್‌ಗೆ ದುಡ್ಡಿಲ್ಲ, ಹಾಗಾಗಿ ಕಾರ್ಡಿನಲ್ಲಿ ಅದಕ್ಕೆ ಸಾಲೂ ಇಲ್ಲ. ತೂಕದ ಯಂತ್ರಕ್ಕೆ ಸೆಲ್ ಹಾಕಿಸಿ ಅಂತ ಎಷ್ಟು ಸಲ ಕೇಳಿದ್ದೇವೋ. ಸ್ಕೂಪಿನಲ್ಲಿ ಅಳೆದ ಪೌಡರ್ ಒತ್ತಿ ತುಂಬಿದರೆ ಒಂದು ತೂಕ, ಸಡಿಲ ತುಂಬಿದರೆ ಇನ್ನೊಂದು. ಮಿಶ್ರಣ ಗಟ್ಟಿಯಾದರೆ ಬೇಗ ಒಣಗುತ್ತದೆ, ಒಣಗಿದ ಬ್ಲೀಚ್ ಕೆಲಸ ಮಾಡುವುದಿಲ್ಲ. ನೀರಾದರೆ ಫಾಯಿಲಿನಿಂದ ಸೋರಿ ಬುಡದಲ್ಲಿ ಕಲೆ ಕೂರುತ್ತದೆ. ಟಾರ್ಗೆಟ್ ಮೀಟಿಂಗಿನಲ್ಲಿ ಇದನ್ನೆಲ್ಲ ಹೇಳಿದ್ದೇನೆ, ಹೇಳುತ್ತಲೂ ಇರುತ್ತೇನೆ.

ಪ್ಯಾಚ್ ಟೆಸ್ಟ್ ಮಾತು ಬಂದದ್ದಕ್ಕೆ: ಕಿವಿಯ ಹಿಂದೆ ಅಥವಾ ಮೊಣಕೈ ಒಳಮಡಿಕೆಯಲ್ಲಿ ಹಚ್ಚಿ 48 ಗಂಟೆ ಕಾಯಬೇಕು. ಬೌಲ್ ಕಲಸುವ ಮುಂಚೆ ಹತ್ತು ನಿಮಿಷ ಹಚ್ಚಿ ನೋಡುವುದು ಟೆಸ್ಟ್ ಅಲ್ಲ, ಪಿಪಿಡಿ ಅಲರ್ಜಿ ತಡವಾಗಿ ತಲೆ ಎತ್ತುತ್ತದೆ. ಹತ್ತು ವರ್ಷ ಅದೇ ಡೈ ಹಾಕಿದವರಿಗೂ ಹನ್ನೊಂದನೇ ವರ್ಷ ಬರಬಹುದು. ಹಿಂದಿನ ಸಲ ನೆತ್ತಿ ತುರಿಸಿತ್ತು, ರೆಪ್ಪೆ ಊದಿತ್ತು ಅಂದವರಿಗೆ ಕಲರ್ ಹಚ್ಚದೆ ಚರ್ಮದ ಡಾಕ್ಟರ ಹತ್ತಿರ ಕಳಿಸಿ.

ಆ ದಿನದ ಕೂದಲನ್ನು ಇನ್ನಷ್ಟು ಲಿಫ್ಟ್ ಮಾಡಿ ಸಮ ಮಾಡುವ ಯೋಚನೆ ನನಗೂ ಬಂದಿತ್ತು. ಮಾಡಿದ್ದರೆ ಉಳಿದದ್ದೂ ಹೋಗುತ್ತಿತ್ತು. ಒಂದು ಎಳೆಯಲ್ಲಿ ನೋಡಿಕೊಂಡು, ಕಿತ್ತಳೆಯಾದ ಬುಡಕ್ಕಷ್ಟೇ ಅಮೋನಿಯಾ ಇಲ್ಲದ ಡೆಮಿ (ಅರೆ-ಶಾಶ್ವತ) ಕಲರ್, ಲೆವೆಲ್ 3, ನೀಲಿ ಛಾಯೆಯ ಆಶ್ ಸೇರಿಸಿ 20 ನಿಮಿಷ ಇಟ್ಟೆ. ಕಿತ್ತಳೆಯನ್ನು ತಣಿಸುವುದು ನೀಲಿ, ಹಳದಿಯನ್ನು ನೇರಳೆ, ಕೆಂಪನ್ನು ಹಸಿರು. ಮನೆಯಲ್ಲಿ ಕೂದಲು ಕಿತ್ತಳೆಯಾಯಿತೆಂದು ನೇರಳೆ ಶಾಂಪೂ ಹಚ್ಚುವವರಿಗೆ ಫಲ ಸಿಗದಿರುವುದು ಈ ಕಾರಣಕ್ಕೆ. ತುಂಡಾದ ಭಾಗವನ್ನು ಒಳಲೇಯರ್ ಮಾಡಿ ಮರೆಸಿದೆ. ರಿಸೆಪ್ಷನ್‌ಗೆ ಹೈಲೈಟ್ಸ್ ಬದಲು ಜಡೆ ಹೆಣೆದು ಮಲ್ಲಿಗೆ ಮುಡಿಸಿದೆವು. ದುಡ್ಡು ತೆಗೆದುಕೊಳ್ಳಲಿಲ್ಲ.

ಇಂಥದ್ದೇ ಮೂಲದ ಇನ್ನೆರಡು ತೊಂದರೆಗಳು ದಿನಾ ಕುರ್ಚಿಗೆ ಬರುತ್ತವೆ. ಕಪ್ಪು ಡೈ ಹಾಕಿದ ಕೂದಲಿಗೆ ಮೇಲಿಂದ ಕಂದು ಕಲರ್ ಹಾಕಿದರೆ ಬುಡ ಮಾತ್ರ ಹೊಳೆಯುತ್ತದೆ, ಉದ್ದ ಹಾಗೇ ಇರುತ್ತದೆ. ಒಂದು ಕಲರ್ ಇನ್ನೊಂದು ಕಲರನ್ನು ಎತ್ತುವುದಿಲ್ಲ. ಜೊತೆಗೆ ನೆತ್ತಿಯ ಕಾವಿಗೆ ಬುಡದ ಒಂದು ಸೆಂಟಿಮೀಟರ್ ಬೇಗ ಬೇಯುತ್ತದೆ. ಗ್ಲೋಬಲ್, ಅಂದರೆ ಇಡೀ ತಲೆಗೆ ಕಲರ್ ಹಾಕುವಾಗ ಮೊದಲು ಉದ್ದಕ್ಕೆ ಹಚ್ಚಿ, ಬುಡಕ್ಕೆ ಕೊನೆಯಲ್ಲಿ, ಅದೂ ಕಡಿಮೆ ವಾಲ್ಯೂಮಿನಲ್ಲಿ. ಇನ್ನೊಂದು, ಮುಂದಲೆಯ ನರೆ ಹಿಡಿಯದಿರುವುದು. ಅದಕ್ಕೆ 30 ವಾಲ್ಯೂಮ್ ಪರಿಹಾರವಲ್ಲ. 20ರಲ್ಲೇ ಸಮಪಾಲು ಗಟ್ಟಿಯಾಗಿ ಕಲಸಿ, ಮೊದಲು ಮುಂದಲೆಗೇ ಹಚ್ಚಿ, ಅರ್ಧದಷ್ಟು ನರೆ ಇದ್ದರೆ ಫ್ಯಾಷನ್ ಶೇಡಿಗೆ ಅಷ್ಟೇ ನ್ಯಾಚುರಲ್ ಶೇಡ್ ಸೇರಿಸಿ. ಸಮಯ ಎಣಿಸುವುದು ಕೊನೆಯ ಸೆಕ್ಷನ್ ಮುಗಿದ ಮೇಲಿಂದ.

ಬೋರ್‌ವೆಲ್ ಮನೆಯವರಿಗೆ ಕಲರ್‌ಗೆ ಮುಂಚೆ ಲೋಹವನ್ನು ಹಿಡಿದು ತೆಗೆಯುವ ಇಡಿಟಿಎ ಇರುವ ಶಾಂಪೂವನ್ನು ಐದು ನಿಮಿಷ ಬಿಟ್ಟು ತೊಳೆಯುತ್ತೇವೆ, ನೀರಿನ ಲೋಹ ಸ್ವಲ್ಪ ಇಳಿಯುತ್ತದೆ. ಬಾಣಲೆಯ ಕಪ್ಪು ಅದಕ್ಕೆಲ್ಲ ಜಗ್ಗುವುದಿಲ್ಲ. ಬಣ್ಣ ಹಾಕಿದ ಕೂದಲಿಗೆ ಸ್ಟ್ರೇಟ್ನರ್ 180 ಡಿಗ್ರಿ ದಾಟಬಾರದು. ಒದ್ದೆಯಲ್ಲಂತೂ ಮುಟ್ಟಿಸಲೇಬಾರದು, ಚುರ್ ಅನ್ನುವ ಆ ಸದ್ದು ಕೂದಲಿನೊಳಗಿನ ನೀರು ಕುದಿಯುವುದು, ಆ ಜಾಗದಲ್ಲಿ ಗುಳ್ಳೆ ಎದ್ದು ಮುಂದೆ ಅಲ್ಲೇ ಮುರಿಯುತ್ತದೆ.

ಆ ಕ್ಲೈಂಟ್ ಈಗಲೂ ಬರುತ್ತಾರೆ. ಮೆಹೆಂದಿಯನ್ನು ಸ್ಟೀಲ್ ಪಾತ್ರೆಯಲ್ಲಿ ಕಲಸುತ್ತಾರಂತೆ, ಮುಂದಲೆಯ ನರೆ ಕಿತ್ತಳೆಯಾಗಿ ಕಾಣುತ್ತದೆ, ಅವರಿಗೆ ಅದೇ ಒಪ್ಪಿಗೆಯಾಗಿದೆ. ಎರಡು ತಿಂಗಳಿಗೊಮ್ಮೆ ತುದಿ ಕತ್ತರಿಸುತ್ತೇನೆ. ಕಾರ್ಡಿನ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ: ಬಾಣಲೆ ಕಪ್ಪು, ಬುಡದಿಂದ 14 ಸೆಂಟಿಮೀಟರ್ ಕೆಳಗೆ ಶುರು, ಪೌಡರ್ ಬೇಡ. ಆ ಅಂಕಿಯನ್ನು ಪ್ರತಿ ಸಲ ಅಳೆದು ತಿದ್ದುತ್ತೇನೆ.