ಗದಗ ಕಡೆಯ ಕೆಲಸ: ಡಿಎನ್‌ಎಸ್ ಮುಚ್ಚಿತು, ರೋವಾ ಆಯ್ತು, ಹಾವೇರಿ ಬಾಕಿ ಇದೆ

ಹೊಸದಾಗಿ ಓದುವವರಿಗೆ ಮೊದಲು ನಮ್ಮ ಪರಿಚಯ. ನಾವು ಹುಬ್ಬಳ್ಳಿ-ಧಾರವಾಡದ ನಾಲ್ಕೈದು ಜನ. ಈ ಭಾಗದ ಸಣ್ಣ ಇಂಟರ್‌ನೆಟ್ ಆಪರೇಟರ್‌ಗಳಿಗೆ, ಅಂದರೆ ಕೇಬಲ್ ಟಿವಿಯಿಂದ ಫೈಬರ್‌ಗೆ ಬಂದವರಿಗೆ, ಅವರ ನೆಟ್‌ವರ್ಕ್ ಭದ್ರ ಮಾಡಿಕೊಳ್ಳಲು ಸಹಾಯ ಮಾಡುತ್ತಿದ್ದೇವೆ. ದುಡ್ಡು ತಗೊಳ್ಳುವುದಿಲ್ಲ. ಒಬ್ಬರು ಇಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್, ಅವರ ಜೊತೆ ಇಬ್ಬರು ವಿದ್ಯಾರ್ಥಿಗಳು. ಇನ್ನೊಬ್ಬರು ಟೆಲಿಫೋನ್ ಕೆಲಸದಿಂದ ನಿವೃತ್ತರಾದವರು, ನಮಗೆಲ್ಲ ಕಾಕಾ. ನಾನು ಹೊಟ್ಟೆಪಾಡಿಗೆ ಸರ್ವರ್ ನೋಡಿಕೊಳ್ಳುವವನು. ಭಾನುವಾರ ಮಧ್ಯಾಹ್ನ ವಿದ್ಯಾನಗರದಲ್ಲಿ ಲೆಕ್ಚರರ್ ಮನೆಯಲ್ಲಿ ಕೂಡುತ್ತೇವೆ.

ಇಂಥ ಕೆಲಸ ದೊಡ್ಡ ಕಂಪನಿಗಳದ್ದು, ನಿಮಗ್ಯಾಕೆ ಅಂತ ಕೇಳುವವರು ಜಾಸ್ತಿ. ಆದರೆ ಇಂಟರ್‌ನೆಟ್‌ನ ಬುಡದಲ್ಲಿ ಸಂಬಳವಿಲ್ಲದೆ ದುಡಿಯುವವರು ಮೊದಲಿನಿಂದಲೂ ಇದ್ದಾರೆ. ಕೋಟ್ಯಂತರ ಯಂತ್ರಗಳಿಗೆ ಸರಿಯಾದ ಸಮಯ ಹೇಳುವ ಎನ್‌ಟಿಪಿ ಪೂಲ್ 2003ರಿಂದ ಸ್ವಯಂಸೇವಕರ ಸರ್ವರ್‌ಗಳ ಮೇಲೆ ನಡೆಯುತ್ತಿದೆ. ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ ಡಿಎನ್‌ಎಸ್; ಅದರ ಬುಡಕ್ಕೆ, ಅಂದರೆ ರೂಟ್‌ಗೆ, 2010ರಲ್ಲಿ ಡಿಜಿಟಲ್ ಸಹಿ ಬಂತು. ಆ ಸಹಿಯ ಕೀಲಿ ತೆಗೆಯಬೇಕಾದರೆ ಬೇರೆ ಬೇರೆ ದೇಶದ ಸ್ವಯಂಸೇವಕರೇ ಅಮೆರಿಕದ ಕೇಂದ್ರಕ್ಕೆ ಹೋಗಬೇಕು. ಪ್ರತಿ ಕೇಂದ್ರಕ್ಕೆ 7 ಜನ, ಅವರಲ್ಲಿ ಕನಿಷ್ಠ 3 ಜನ ಎದುರಿಗಿರಬೇಕು. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಅನ್ನುವ ಸಣ್ಣ ತಂತ್ರಾಂಶದಲ್ಲಿ ಕಳ್ಳದಾರಿ ಸಿಕ್ಕಿತಲ್ಲ, ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯ್ಂಡ್. ಭದ್ರತೆ ಅವರ ಕೆಲಸವೇ ಅಲ್ಲ, ಅವರು ಡೇಟಾಬೇಸ್ ಇಂಜಿನಿಯರ್. ದೂರದ ಸರ್ವರ್ ಒಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ, ಯಾಕೆ ಅಂತ ಬೆನ್ನು ಹತ್ತಿದರು, ಅಷ್ಟೇ. ಅವರು ಬಿಟ್ಟುಬಿಟ್ಟಿದ್ದರೆ ಜಗತ್ತಿನ ಎಷ್ಟು ಸರ್ವರ್‌ಗಳ ಬಾಗಿಲು ತೆರೆದಿರುತ್ತಿತ್ತೋ. ನಮ್ಮ ಕೆಲಸ ಅಷ್ಟು ದೊಡ್ಡದಲ್ಲ. ಆದರೆ ಗದಗಿನಲ್ಲಿರುವ ರೂಟರ್ ಕೂಡ ಅದೇ ಇಂಟರ್‌ನೆಟ್‌ನ ಭಾಗ, ಅದನ್ನು ನೋಡಿಕೊಳ್ಳಲು ಇಲ್ಲಿಯವರೇ ಬೇಕು.

ಜೂನ್

ಈ ಸಲದ ಆಪರೇಟರ್ ಗದಗ-ಬೆಟಗೇರಿಯವರು. ಅಂಗಡಿಯ ಮೇಲಿನ ಕೋಣೆಯಲ್ಲಿ ರ್‍ಯಾಕ್, ಕೆಳಗೆ ಯುಪಿಎಸ್ ಬ್ಯಾಟರಿ ಸಾಲು, ಕಿಟಕಿಯಿಂದ ಒಳಗೆ ಬರುವ ಎರಡು ಫೈಬರ್. ಒಂದು ಲೈನ್ ಬೆಂಗಳೂರು ಕಡೆಗೆ, ಇನ್ನೊಂದು ಮುಂಬೈ ಕಡೆಗೆ.

ಮೊದಲು ಒಪ್ಪಿಗೆ ಪತ್ರ. ಇದರಲ್ಲಿ ನಾವು ಬಿಗಿ. ಮಾಲೀಕರ ಅನುಮತಿ ಇಲ್ಲದೆ ಇನ್ನೊಬ್ಬರ ನೆಟ್‌ವರ್ಕ್ ಒಳಗೆ ಕೈ ಹಾಕಿದರೆ 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್ ಇದೆ. ಒಳ್ಳೆಯ ಉದ್ದೇಶಕ್ಕೆ ಮಾಡಿದೆವು ಅಂದರೆ ನಡೆಯುವುದಿಲ್ಲ. ವಿದ್ಯಾರ್ಥಿಗಳಿಗೆ ಇದನ್ನೇ ಎಲ್ಲಕ್ಕಿಂತ ಮೊದಲು ಹೇಳಿಕೊಡುತ್ತೇವೆ. ಯಾವ ಯಂತ್ರ, ಯಾವ ಹೊತ್ತು, ಏನು ನೋಡುತ್ತೇವೆ, ಎಲ್ಲವೂ ಪತ್ರದಲ್ಲಿರುತ್ತದೆ.

ಅವರ ದೂರು ಒಂದೇ. ಸಂಜೆ ಏಳರ ಮೇಲೆ ನೆಟ್ ನಿಧಾನ. ಗಿರಾಕಿಗಳು ಅಷ್ಟೇನೂ ಬಳಸುತ್ತಿಲ್ಲ, ಆದರೂ ಅಪ್‌ಲೋಡ್ ಗ್ರಾಫ್ ಮೇಲಕ್ಕೆ ಅಂಟಿಕೊಂಡಿರುತ್ತದೆ. ರೂಟರ್ ಮೇಲೆ ಪ್ಯಾಕೆಟ್, ಅಂದರೆ ಹರಿಯುವ ಮಾಹಿತಿಯ ತುಣುಕುಗಳನ್ನು, ಹಿಡಿದು ನೋಡಿದೆವು. ಪರದೆ ತುಂಬ 53ನೇ ಪೋರ್ಟ್, ಅಂದರೆ ಡಿಎನ್‌ಎಸ್ ಪ್ರಶ್ನೋತ್ತರದ ಬಾಗಿಲು. ಹೊರಗಿನ ಒಂದೇ ವಿಳಾಸದ ಹೆಸರಲ್ಲಿ ಒಂದೇ ಪ್ರಶ್ನೆ, ಮತ್ತೆ ಮತ್ತೆ. ಒಳಗೆ ಬರುವ ಪ್ಯಾಕೆಟ್ ಬೆರಳಷ್ಟು, ಹೊರಗೆ ಹೋಗುವ ಉತ್ತರ ಮಾರುದ್ದ.

ಇದು ಹಳೆಯ ರೋಗ. ರೂಟರ್‌ನಲ್ಲಿ 'ಅಲೌ ರಿಮೋಟ್ ರಿಕ್ವೆಸ್ಟ್ಸ್' ಅಂತ ಒಂದು ಟಿಕ್ ಇರುತ್ತದೆ. ಗಿರಾಕಿಗಳಿಗೆ ಡಿಎನ್‌ಎಸ್ ಕೊಡಲು ಅದು ಬೇಕು. ಆದರೆ ಬೇಡದ ಪ್ಯಾಕೆಟ್ ತಡೆಯುವ ಫೈರ್‌ವಾಲ್ ಹಾಕದೆ ಅದನ್ನು ಒತ್ತಿದರೆ ಇಡೀ ಜಗತ್ತು ಕೇಳಿದ್ದಕ್ಕೆಲ್ಲ ರೂಟರ್ ಉತ್ತರ ಕೊಡುತ್ತಾ ಕೂರುತ್ತದೆ. ಸುಮಾರು 60 ಬೈಟ್‌ನ ಪ್ರಶ್ನೆಗೆ 3000 ಬೈಟ್‌ನ ಉತ್ತರ ಹೋಗಬಹುದು. ದಾಳಿ ಮಾಡುವವನು ಕಳಿಸಿದವರ ಜಾಗದಲ್ಲಿ ತಾನು ಕೆಡಿಸಬೇಕಾದವರ ವಿಳಾಸ ಬರೆಯುತ್ತಾನೆ. ಉತ್ತರದ ಪ್ರವಾಹ ಅವರ ಮೇಲೆ ಬೀಳುತ್ತದೆ. ನಮ್ಮ ಗದಗಿನ ಲೈನ್ ಯಾರದೋ ಆಸ್ಪತ್ರೆಯ ಅಥವಾ ಬ್ಯಾಂಕಿನ ಸರ್ವರ್ ಕೆಡವಲು ಬಳಕೆಯಾಗುತ್ತಿರಬಹುದು ಅನ್ನುವುದು ಮಾಲೀಕರಿಗೆ ಗೊತ್ತೇ ಇರಲಿಲ್ಲ. ಕೇಳಿ ಅವರ ಮುಖ ಸಣ್ಣದಾಯಿತು.

"ಸರ, ಇದನ್ನ ಬಂದ್ ಮಾಡಿದ್ರ ನೆಟ್ ಹೋಗಂಗಿಲ್ಲ ಹೌದಿಲ್ರೀ? ಗಿರಾಕಿಗಳು ಮನಿತನಕ ಬರ್ತಾರ್ರೀ."

ಕಾಕಾ ಸಮಾಧಾನ ಹೇಳಿದರು. "ಏನೂ ಆಗಂಗಿಲ್ಲೋ ತಮ್ಮಾ. ಹೊರಗಿಂದ ಬರೂ ಪ್ರಶ್ನಿ ಅಷ್ಟ ನಿಲ್ಸೂದು. ನಿನ್ನ ಗಿರಾಕಿಗೆ ನಡೀತೈತಿ."

ಎರಡೂ ಹೊರ ಲೈನ್‌ಗಳಿಂದ ಬರುವ 53ನೇ ಪೋರ್ಟ್, ಯುಡಿಪಿ ಮತ್ತು ಟಿಸಿಪಿ ಅನ್ನುವ ಎರಡೂ ಬಗೆಯ ಸಾಗಣೆಯನ್ನು ಬಿಸಾಕುವ ಸಾಲು ಬರೆದೆವು. ಇಲ್ಲಿ ಒಂದು ಸೂಕ್ಷ್ಮವಿದೆ. ರೂಟರ್ ತಾನೇ ಹೊರಗೆ ಕೇಳಿದ ಪ್ರಶ್ನೆಗೆ ಬರುವ ಉತ್ತರವನ್ನು ಬಿಡುವ ಸಾಲು ಮೊದಲು ಇರಬೇಕು, ಬಿಸಾಕುವ ಸಾಲು ಅದರ ಕೆಳಗೆ. ಆದರೆ ಎಲ್ಲವನ್ನೂ ಒಳಗೆ ಬಿಡುವ ಹಳೆಯ ಸಾಲು ಯಾವುದಾದರೂ ಇದ್ದರೆ ಅದಕ್ಕಿಂತ ಮೇಲೆ. ಒತ್ತಿದ ತಕ್ಷಣ ಆ ಸಾಲಿನ ಕೌಂಟರ್ ಓಡತೊಡಗಿತು. ಅಪ್‌ಲೋಡ್ ಗ್ರಾಫ್ ಇಳಿಯಿತು. ಮೊಬೈಲ್ ಡೇಟಾದಿಂದ ಅವರ ರೂಟರ್‌ಗೆ ಡಿಎನ್‌ಎಸ್ ಕೇಳಿದೆವು, ಉತ್ತರ ಬರಲಿಲ್ಲ. ಕೆಳಗಿನ ಅಂಗಡಿಯ ಕನೆಕ್ಷನ್‌ನಿಂದ ಕೇಳಿದೆವು, ಬಂತು. ಮಾಲೀಕರು ಅವತ್ತು ಮಿರ್ಚಿ-ಗಿರಮಿಟ್ ತಿನ್ನಿಸದೆ ನಮ್ಮನ್ನು ಬಿಡಲಿಲ್ಲ.

ಜುಲೈ

ಮುಂದಿನದು ಹೊರಗೆ ಹೋಗುವ ಪ್ಯಾಕೆಟ್‌ಗಳ ತಪಾಸಣೆ. ನಮ್ಮ ವಿಳಾಸ ಇಲ್ಲದ ಪ್ಯಾಕೆಟ್ ನಮ್ಮ ಲೈನ್‌ನಿಂದ ಹೊರಗೆ ಹೋಗಬಾರದು, ಇಷ್ಟೇ ನಿಯಮ. ಬಿಸಿಪಿ 38 ಅಂತ ಇದಕ್ಕೆ ಹೆಸರು, 2000ನೇ ಇಸವಿಯಿಂದ ಬರಹದಲ್ಲಿದೆ. ಸುಳ್ಳು ವಿಳಾಸ ಹೊರಗೆ ಹೋಗದಿದ್ದರೆ ಮೇಲೆ ಹೇಳಿದ ಡಿಎನ್‌ಎಸ್ ದಾಳಿ ಹುಟ್ಟುವುದೇ ಇಲ್ಲ. ಆದರೂ ಎಲ್ಲರೂ ಹಾಕಿಲ್ಲ. ಕಾರಣವೂ ಸ್ಪಷ್ಟ: ಇದನ್ನು ಹಾಕಿದವನಿಗೆ ನೇರ ಲಾಭವಿಲ್ಲ, ಉಳಿದವರಿಗೆ ಲಾಭ. ಹೊಲದಲ್ಲಿ ಮುಯ್ಯಾಳು ಹೋದ ಹಾಗೆ. ಇವತ್ತು ನಾನು ನಿಮ್ಮ ಹೊಲಕ್ಕೆ ಬಂದರೆ ನಾಳೆ ನೀವು ನನ್ನ ಹೊಲಕ್ಕೆ ಬರುತ್ತೀರಿ. ಮಾಲೀಕರಿಗೆ ಹೀಗೆ ಹೇಳಿದಾಗ ತಕ್ಷಣ ಒಪ್ಪಿದರು.

ಪ್ಯಾಕೆಟ್ ಬಂದ ಲೈನ್‌ನಲ್ಲೇ ಅದನ್ನು ಕಳಿಸಿದವರಿಗೆ ಮರಳುವ ದಾರಿಯೂ ಇರಬೇಕು ಅನ್ನುವುದು ಬಿಗಿ ರಿವರ್ಸ್-ಪಾತ್ ತಪಾಸಣೆ. ಎರಡು ಹೊರ ಲೈನ್ ಇರುವುದರಿಂದ ಅದನ್ನು ಹಾಕಲಾಗದು. ಒಂದು ಲೈನ್‌ನಲ್ಲಿ ಹೋಗಿ ಇನ್ನೊಂದರಲ್ಲಿ ಬರುವ ಸರಿಯಾದ ಪ್ಯಾಕೆಟ್ ಕೂಡ ಬಿದ್ದುಹೋಗುತ್ತದೆ. ಅದಕ್ಕೆ ಅವರ ವಿಳಾಸಗಳ ಪಟ್ಟಿ ಮಾಡಿ, ಪಟ್ಟಿಯಲ್ಲಿ ಇಲ್ಲದ್ದು ಹೊರಗೆ ಹೋಗದಂತೆ ಮಾಡಿದೆವು. ನ್ಯಾಟ್ ಆಗದೆ, ಅಂದರೆ ಹೊರಗಿನ ವಿಳಾಸಕ್ಕೆ ಬದಲಾಗದೆ, ತಪ್ಪಿಸಿಕೊಂಡು ಹೋಗುತ್ತಿದ್ದ 10ರಿಂದ ಶುರುವಾಗುವ ಖಾಸಗಿ ವಿಳಾಸಗಳೂ ಅಲ್ಲೇ ನಿಂತವು.

ಗಡಿಯಾರದ್ದು ಚಿಕ್ಕ ಕೆಲಸ, ಆದರೆ ಬೇಕೇ ಬೇಕು. ಒಂದು ಹಳೆಯ ರೂಟರ್ ಕರೆಂಟ್ ಹೋಗಿ ಬಂದಾಗಲೆಲ್ಲ 1970ರ ಜನವರಿಗೆ ಹೋಗುತ್ತಿತ್ತು. ಅದರ ಲಾಗ್ ಇದ್ದೂ ಇಲ್ಲದಂತೆ. ದೇಶದ ಸೈಬರ್ ಭದ್ರತೆ ನೋಡುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಗಡಿಯಾರ ಹೊಂದಿಸಬೇಕು, ಲಾಗ್ 180 ದಿನ ಇಡಬೇಕು, ದಾಳಿಯಂಥದ್ದು ನಡೆದರೆ 6 ತಾಸಿನಲ್ಲಿ ತಿಳಿಸಬೇಕು. ಮೂರನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ರ್‍ಯಾಕ್ ಪಕ್ಕ ಅಂಟಿಸಿದ್ದೇವೆ. ಕೆಳಗೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಇದೆ.

ಆಗಸ್ಟ್, ಸೆಪ್ಟೆಂಬರ್

ರೋವಾಕ್ಕೆ ಸಮಯ ಹಿಡಿಯಿತು. ರೋವಾ ಅಂದರೆ 'ಈ ವಿಳಾಸಗಳನ್ನು ಈ ಎಎಸ್ ನಂಬರ್‌ನವರು ಮಾತ್ರ ಘೋಷಿಸಬಹುದು' ಅನ್ನುವ ಸಹಿ ಮಾಡಿದ ದಾಖಲೆ. ಎಎಸ್ ನಂಬರ್ ಅಂದರೆ ಒಂದು ನೆಟ್‌ವರ್ಕ್‌ನ ಗುರುತಿನ ಸಂಖ್ಯೆ; ಘೋಷಿಸುವುದು ಅಂದರೆ 'ಈ ವಿಳಾಸಗಳಿಗೆ ದಾರಿ ನಮ್ಮಲ್ಲಿದೆ' ಅಂತ ಉಳಿದ ನೆಟ್‌ವರ್ಕ್‌ಗಳಿಗೆ ಹೇಳುವುದು. ಇದು ಯಾಕೆ ಬೇಕು ಅನ್ನುವುದಕ್ಕೆ 2008ರ ಫೆಬ್ರವರಿ 24ರ ಘಟನೆ ಸಾಕು. ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಅದರ ವಿಳಾಸದ ಒಂದು ತುಂಡನ್ನು ತನ್ನದು ಅಂತ ಘೋಷಿಸಿತು. ಅದು ಹೊರಗೆ ಸೋರಿತು. ಯೂಟ್ಯೂಬ್ ಘೋಷಿಸಿದ್ದು /22 (1024 ವಿಳಾಸ), ಪಾಕಿಸ್ತಾನ ಟೆಲಿಕಾಂನದು /24 (256 ವಿಳಾಸ). ಸಣ್ಣ ತುಂಡಿನ ಘೋಷಣೆಯೇ ಗೆಲ್ಲುವುದು ಬಿಜಿಪಿ, ಅಂದರೆ ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಪದ್ಧತಿಯ, ನಿಯಮ. ಸುಮಾರು ಎರಡು ತಾಸು ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಇಲ್ಲ. ಆಗ ಸುಳ್ಳನ್ನು ಗುರುತಿಸುವ ದಾರಿ ರೂಟರ್‌ಗಳಿಗೆ ಇರಲಿಲ್ಲ. ಈಗ ಇದೆ. 2024ರ ಮೇ ತಿಂಗಳಲ್ಲಿ ಜಗತ್ತಿನ ಐಪಿವಿ4 (ಹಳೆಯ ಪದ್ಧತಿಯ ಐಪಿ ವಿಳಾಸ) ಮಾರ್ಗಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ರೋವಾ ವ್ಯಾಪ್ತಿಗೆ ಬಂದವು.

ನಮ್ಮ ಆಪರೇಟರ್ ಹತ್ತಿರ /23 ಇದೆ, ಅಂದರೆ 512 ವಿಳಾಸ. ವಿಳಾಸ ಹಂಚುವ ಐಆರ್‌ಐಎನ್‌ಎನ್ ಪೋರ್ಟಲ್‌ಗೆ ಹೋಗಿ ಮಾಡಬೇಕು. ತೊಡಕು ಏನೆಂದರೆ, ಅಲ್ಲಿ ನೋಂದಣಿಯಾದ ಇಮೇಲ್ ಮತ್ತು ಫೋನ್ ಅವರದ್ದಲ್ಲ. ವರ್ಷಗಳ ಹಿಂದೆ ಅರ್ಜಿ ಹಾಕಿಕೊಟ್ಟ ಒಬ್ಬ ಕನ್ಸಲ್ಟೆಂಟ್‌ನದು. ಆತ ಈಗ ಸಿಗುತ್ತಿಲ್ಲ. ಲೆಟರ್‌ಹೆಡ್, ಕಂಪನಿ ದಾಖಲೆ, ಮಾಲೀಕರ ಗುರುತಿನ ಚೀಟಿ, ಎಲ್ಲ ಕಳಿಸಿ ಖಾತೆ ಅವರ ಕೈಗೆ ಬರುವಷ್ಟರಲ್ಲಿ ಶ್ರಾವಣ ಮುಗಿದಿತ್ತು. ಈ ಓಡಾಟವನ್ನು ಕಾಕಾ ಒಬ್ಬರೇ ಹೊತ್ತುಕೊಂಡರು. ಕಾಗದದ ಕೆಲಸದಲ್ಲಿ ಅವರಷ್ಟು ತಾಳ್ಮೆ ನಮ್ಮಲ್ಲಿ ಯಾರಿಗೂ ಇಲ್ಲ. ಈ ಕೆಲಸಕ್ಕೆ ಕೋಡ್ ಬರೆಯುವವರಷ್ಟೇ ಮುಖ್ಯ ಇಂಥವರು ಅಂತ ನನ್ನ ನಂಬಿಕೆ.

ಖಾತೆ ಸಿಕ್ಕ ಮೇಲೆ ಚರ್ಚೆ ನಡೆದಿದ್ದು ಒಂದೇ ಅಂಶದ ಮೇಲೆ. /23ಕ್ಕೆ ಒಂದೇ ರೋವಾ ಮಾಡಿ /24ರವರೆಗೆ ಅನುಮತಿ ಕೊಡುವುದೋ, ನಿಜವಾಗಿ ಘೋಷಿಸುವ ಎರಡು /24ಕ್ಕೆ ಬೇರೆ ಬೇರೆ ಮಾಡುವುದೋ? ಮೊದಲನೆಯದು ಸಲೀಸು. ಆದರೆ ಘೋಷಿಸದ ತುಂಡಿಗೆಲ್ಲ ಅನುಮತಿ ಕೊಟ್ಟಿಟ್ಟರೆ, ನಮ್ಮ ಎಎಸ್ ನಂಬರನ್ನೇ ಮುಂದಿಟ್ಟುಕೊಂಡು ಬೇರೆಯವರು ಆ ತುಂಡು ಕದಿಯಲು ದಾರಿಯಾಗುತ್ತದೆ. ಇಲ್ಲಿ ಎರಡೂ /24 ಘೋಷಣೆಯಲ್ಲಿವೆ, ಹಾಗಾಗಿ ಸದ್ಯಕ್ಕೆ ವ್ಯತ್ಯಾಸವಿಲ್ಲ. ಆದರೂ ನಾಳೆ ಒಂದನ್ನು ಹಿಂದಕ್ಕೆ ತೆಗೆದರೆ? ಎರಡು ಬೇರೆ ರೋವಾ ಮಾಡಿದೆವು. ಕೆಲ ಹೊತ್ತಿಗೆ ಎರಡೂ ಮಾರ್ಗ 'ವ್ಯಾಲಿಡ್' ಅಂತ ತೋರಿಸಿದವು. ವಿದ್ಯಾರ್ಥಿನಿ ಅದರ ಸ್ಕ್ರೀನ್‌ಶಾಟ್ ತೆಗೆದು ಮಾಲೀಕರಿಗೆ ಕಳಿಸಿದಳು.

ಇನ್ನೂ ಒಂದು ಆಯಿತು. ಶ್ಯಾಡೋಸರ್ವರ್ ಅನ್ನುವ ಲಾಭರಹಿತ ಸಂಸ್ಥೆ ನೆಟ್‌ವರ್ಕ್ ಮಾಲೀಕರಿಗೆ ದಿನವೂ ಉಚಿತ ವರದಿ ಕಳಿಸುತ್ತದೆ. 2004ರಲ್ಲಿ ಸ್ವಯಂಸೇವಕರು ಶುರು ಮಾಡಿದ್ದು. ಯಾವ ಪೋರ್ಟ್ ತೆರೆದಿದೆ, ಯಾವ ಗಿರಾಕಿಯ ಕ್ಯಾಮೆರಾ ಕೆಟ್ಟವರ ಕೈಗೆ ಸಿಕ್ಕಂತಿದೆ ಅಂತ ಅದರಲ್ಲಿ ಬರುತ್ತದೆ. ಖಾತೆಯ ಇಮೇಲ್ ಸರಿಯಾದ ಮೇಲೆ ಅದಕ್ಕೂ ಸೇರಿಸಿದೆವು. ಈಗ ಮಾಲೀಕರ ಮಗಳು ಬೆಳಗ್ಗೆ ವರದಿ ನೋಡುತ್ತಾಳೆ. ಹೋದ ವಾರ ಒಂದು ಅಂಗಡಿಯ ಸಿಸಿಟಿವಿ ಪೆಟ್ಟಿಗೆಯ ಪಾಸ್‌ವರ್ಡ್ ಕಂಪನಿ ಕೊಟ್ಟದ್ದೇ ಇದೆ ಅಂತ ಹೋಗಿ ಬದಲಿಸಿ ಬಂದಿದ್ದಾಳೆ. ನಮ್ಮನ್ನು ಕೇಳಲೇ ಇಲ್ಲ. ಬಹಳ ಖುಷಿಯಾಯಿತು.

ಬಾಕಿ

ಐಪಿ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಇನ್ನೂ ಮುಟ್ಟಿಲ್ಲ. ಅಲ್ಲಿ ನ್ಯಾಟ್ ಇಲ್ಲ, ಹಾಗಾಗಿ ಗಿರಾಕಿಗಳ ಯಂತ್ರಗಳು ನೇರ ಹೊರಗೆ ಕಾಣುತ್ತವೆ. ಫೈರ್‌ವಾಲ್ ಮೊದಲಿನಿಂದ ಬರೆಯಬೇಕು. ಯಂತ್ರಗಳು ಒಂದಕ್ಕೊಂದು ದೋಷ, ಸೂಚನೆ ತಿಳಿಸುವ ಐಸಿಎಂಪಿವಿ6 ಪೂರ್ತಿ ಮುಚ್ಚಿದರೆ ನೆಟ್ ಅರ್ಧಂಬರ್ಧ ಕೆಲಸ ಮಾಡುತ್ತದೆ, ಆದ್ದರಿಂದ ಅವಸರ ಬೇಡ ಅಂತ ಲೆಕ್ಚರರ್ ಅಭಿಪ್ರಾಯ, ನನ್ನದೂ ಅದೇ.

ಹಾವೇರಿಯ ಒಬ್ಬ ಆಪರೇಟರ್ ಒಪ್ಪಿಗೆ ಪತ್ರ ಕಳಿಸಿದ್ದಾರೆ. ದಸರೆ ಆದಮೇಲೆ ಹೋಗುತ್ತೇವೆ. ಬಿಜಿಪಿ ಅಥವಾ ಐಪಿವಿ6 ಫೈರ್‌ವಾಲ್ ಕೈಯಾರೆ ಮಾಡಿದ ಅನುಭವ ಇರುವವರು ಹಾವೇರಿ, ರಾಣೆಬೆನ್ನೂರು ಕಡೆ ಯಾರಾದರೂ ಇದ್ದರೆ ದಯವಿಟ್ಟು ಜೊತೆಗೆ ಬನ್ನಿ. ಕಾಗದ-ಪತ್ರದ ಕೆಲಸ ಬಲ್ಲವರು ಇದ್ದರಂತೂ ಇನ್ನೂ ಒಳ್ಳೆಯದು, ಕಾಕಾ ಒಬ್ಬರಿಗೇ ಅದು ಭಾರವಾಗುತ್ತಿದೆ.