ಬರೀ ಹುಲ್ಲಿನ ಮೇಲೆ ಆಕಳು

ಕಲಘಟಗಿ ಕಡೆಯ ಗುಡ್ಡಗಳೆಲ್ಲ ಈಗ ಹಸಿರು. ಇತ್ತ ಹಿಂಡಿ ರೇಟು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಹಾಗಾದರೆ ಆಕಳನ್ನು ಬರೀ ಹುಲ್ಲಿನ ಮೇಲೆ ಸಾಕಬಹುದಲ್ವಾ?

ಸಾಕಬಹುದು. ಆದರೆ ಹಾಲಿನ ಆಸೆ ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕು. ನಮ್ಮ ಬಿಸಿಲು ಮಳೆಗೆ ಹುಲ್ಲು ಜೋರಾಗಿ ಬೆಳೆಯುತ್ತದೆ, ಅಷ್ಟೇ ಬೇಗ ಬಲಿಯುತ್ತದೆ. ತೆನೆ ಬಿಟ್ಟಿತೆಂದರೆ ನಾರು ಜಾಸ್ತಿ, ಪ್ರೋಟೀನ್ ಕಡಿಮೆ. ಆಕಳ ಹೊಟ್ಟೆ ತುಂಬುತ್ತದೆ, ಕೆಚ್ಚಲು ತುಂಬುವುದಿಲ್ಲ. ಅದಕ್ಕೇ ಗುಡ್ಡಕ್ಕೆ ಸುಮ್ನೆ ದನ ಹೊಡೆದು ಬಂದರೆ ಆಗದು. ಜಾಗವನ್ನು ತುಂಡು ತುಂಡು ಮಾಡಿ, ಎಳೆ ಹುಲ್ಲಿದ್ದಾಗ ಮೇಯಿಸಿ, ಮತ್ತೆ ಚಿಗುರುವವರೆಗೆ ಬಿಡಬೇಕು. ಪೂರ್ತಿ ಬೋಳು ಮಾಡಿಸಲೇಬಾರದು. ನಡುವೆ ಸ್ಟೈಲೋ, ಅಲಸಂದಿಯಂಥ ದ್ವಿದಳ ಮೇವು ಇದ್ದರೆ ಪ್ರೋಟೀನ್ ಕೊರತೆ ಎಷ್ಟೋ ನೀಗುತ್ತದೆ.

ಜಾಸ್ತಿ ಹಾಲಿನ ದೊಡ್ಡ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್ ತಳಿ) ಆಕಳನ್ನು ಇದಕ್ಕೆ ಒಡ್ಡುವುದು ನನಗೆ ಸರಿ ಕಾಣುವುದಿಲ್ಲ. ಕರು ಹಾಕಿದ ಮೇಲೆ ಅದು ತನ್ನ ಮೈ ಕರಗಿಸಿ ಹಾಲು ಕೊಡುತ್ತದೆ. ನೋಡಲು ಸಂಕಟ. ಸಣ್ಣ ಮೈಯ ಜರ್ಸಿ ಮಿಶ್ರತಳಿ ವಾಸಿ. ಗುಡ್ಡ ಹತ್ತಿ ಮೇಯಲೂ ಅದಕ್ಕೆ ಹಗುರ.

ನಿಜವಾದ ಚಿಂತೆ ಬೇಸಿಗೆಯದು. 400 ಕೆಜಿ ಆಕಳಿಗೆ ದಿನಕ್ಕೆ ಸುಮಾರು 40 ಕೆಜಿ ಹಸಿ ಮೇವು ಬೇಕು. ಮಾರ್ಚ್‌ನಲ್ಲಿ ಎಲ್ಲಿಂದ ತರುವುದು? ಬರೀ ಜೋಳದ ಕಣಕಿಯಲ್ಲಿ, ಅಂದರೆ ಒಣ ದಂಟಿನಲ್ಲಿ, ಹಾಲು ನಿಲ್ಲುವುದಿಲ್ಲ. ಮಳೆಗಾಲದ ಹುಲ್ಲನ್ನೇ ಗಾಳಿಯಾಡದಂತೆ ಮುಚ್ಚಿ ಹುದುಗಿಸಿ ರಸಮೇವು (ಸೈಲೇಜ್) ಮಾಡಿಡಬೇಕು. ಮೇವು ಸಂಶೋಧನೆಯ ಕೇಂದ್ರ ಧಾರವಾಡದಲ್ಲೇ ಇದೆ, ಅಲ್ಲಿಗೆ ಹೋಗಿ ಕೇಳಬೇಕೆಂದಿದ್ದೇನೆ. ಈ ಕಡೆ ಯಾರಾದರೂ ಮಾಡಿದ್ದರೆ ಹೇಳಿ, ಬಂದು ನೋಡುತ್ತೇನೆ.