ಇಣಚಿ ಅಂದುಕೊಂಡು ಬರೆದ ಗೋಡೆ

ಗಂಗಾವತಿ ಸುತ್ತಮುತ್ತ ಶಾಲೆ ಗೋಡೆಗಳ ಮೇಲೆ ಚಿತ್ರ ಬರೆಯುವುದು ನನ್ನ ಕೆಲಸ. ಒಂದು ಶಾಲೆಯವರು ಪಶ್ಚಿಮ ಘಟ್ಟದ ಕಾಡು ಬೇಕು ಅಂದರು. ಪಟ್ಟಿಯಲ್ಲಿ ಕೆಂಜಳಿಲು ಇತ್ತು. ನಮ್ಮ ಕಡೆ ಅಳಿಲಿಗೆ ಇಣಚಿ ಅಂತೀವಿ. ದಿನಾ ನೋಡೋ ಇಣಚಿಗೆ ಫೋಟೊ ಯಾಕೆ ಹುಡುಕಬೇಕು, ಒಂದಿಷ್ಟು ಕೆಂಪು ಬಳಿದರಾಯ್ತು ಅಂದುಕೊಂಡೆ. ನೆಲದ ಮೇಲೆ ಕೂತು ಶೇಂಗಾ ತಿನ್ನುವ ಹಾಗೆ ಬರೆದೆ. ಬೆನ್ನಿಗೆ ಮೂರು ಪಟ್ಟೆ.

ಅಲ್ಲಿ ಯಲ್ಲಾಪುರ ಕಡೆಯ ಟೀಚರೊಬ್ಬರಿದ್ದರು. "ಪೇಂಟರ್ರೇ, ಇದಕ್ಕೆ ಪಟ್ಟೆ ಎಲ್ಲಿಂದ ಬಂತು? ನೆಲಕ್ಕೆ ಯಾಕೆ ಇಳಿಸಿದ್ರಿ?" ಅಂತ ನಕ್ಕು, ಮೊಬೈಲಲ್ಲಿ ವಿಡಿಯೊ ತೋರಿಸಿದರು.

ನೋಡಿ ದಂಗಾದೆ. ಪಟ್ಟೆಯೇ ಇಲ್ಲ. ಬೆನ್ನು ಗಾಢ ಕೆಂಗಂದು, ಹೊಟ್ಟೆ ಬೆಣ್ಣೆ ಬಣ್ಣ, ಎರಡು ಕಿವಿಗಳ ನಡುವೆ ಬಿಳಿ ಮಚ್ಚೆ. ಸುಮಾರು 2 ಕೆ.ಜಿ. ತೂಗುತ್ತದಂತೆ. ಬಾಲವೇ ಮೈಗಿಂತ ಉದ್ದ! ತಿನ್ನುವಾಗ ಹಿಂಗಾಲಲ್ಲಿ ಕೊಂಬೆ ಹಿಡಿದು ಒಂದು ಬದಿಗೆ ಬಾಗುತ್ತದೆ. ಬಾಲ ಇನ್ನೊಂದು ಬದಿಗೆ ಇಳಿಬಿದ್ದು ತಕ್ಕಡಿಯ ಹಾಗೆ ತೂಕ ಸರಿ ಮಾಡುತ್ತದೆ. ಆ ಭಂಗಿ ಬರೆಯಲು ಎರಡು ಸಲ ಅಳಿಸಿದೆ.

ಬಣ್ಣದ ತಪ್ಪು ಸಣ್ಣದು, ರೆಡ್ ಆಕ್ಸೈಡಿಗೆ ಒಂಚೂರು ಕಪ್ಪು ಸ್ಟೇನರ್ ಬೆರೆಸಿದರೆ ಮುಗೀತು. ಕಷ್ಟ ಕೊಟ್ಟದ್ದು ಮರಗಳು. ಕೆಂಜಳಿಲು ನೆಲಕ್ಕೆ ಇಳಿಯುವುದೇ ಅಪರೂಪ. ಮರದಿಂದ ಮರಕ್ಕೆ ಹಾರಿಕೊಂಡೇ ಓಡಾಡುತ್ತದೆ, ಒಂದು ನೆಗೆತಕ್ಕೆ 6 ಮೀಟರ್ ತನಕ. ಗೂಡು ಕಟ್ಟುವುದೂ ಮೇಲೆಯೇ, ಕಡ್ಡಿ, ಎಲೆ ಸೇರಿಸಿ ಚೆಂಡಿನ ಹಾಗೆ. ಅದಕ್ಕೆ ಮರದ ತಲೆಗಳು ಒಂದಕ್ಕೊಂದು ತಾಗುವಂತಿರಬೇಕು. ನಾನು ಬರೆದದ್ದು ನಮ್ಮ ಗದ್ದೆ ಬದುವಿನ ಬೇವಿನ ಮರಗಳ ಹಾಗೆ, ಒಂದು ಇಲ್ಲಿ, ಒಂದು ಅಲ್ಲಿ. ಅಳಿಲನ್ನು ಮೇಲಕ್ಕೆ ಹತ್ತಿಸಿದರೂ ಅದು ಎಲ್ಲಿಗೆ ಹಾರಬೇಕು, ಅಲ್ವಾ?

ಕೊನೆಗೆ ಇಡೀ ಮೇಲ್ಭಾಗ ಹೊಸದಾಗಿ ಬರೆದೆ. ಎರಡು ದಿನ ಹೋಯಿತು. ಚದರಡಿ ಲೆಕ್ಕದ ಕೂಲಿ, ಹಾಗಾಗಿ ನಷ್ಟ ನನ್ನದೇ. ಏಣಿ ಎಟುಕಲಿಲ್ಲ, ಪಕ್ಕದ ರೈಸ್ ಮಿಲ್‌ನಿಂದ ಉದ್ದದ್ದು ಕೇಳಿ ತಂದೆ. ಈಗ ರೇಟು ಹೇಳುವ ಮುಂಚೆ ಪ್ರಾಣಿ ಎಲ್ಲಿ ಕೂರುತ್ತದೆ ಅಂತ ವಿಡಿಯೊ ನೋಡಿಕೊಳ್ಳುತ್ತೇನೆ. ಬಣ್ಣ ಆಮೇಲೆ.

ಕೆಳಗೆ ಹಳೆ ಇಣಚಿಯ ಜಾಗ ಖಾಲಿ ಉಳಿಯಿತು. ಅಲ್ಲಿ ಮೇಲಿಂದ ಕಚ್ಚಿ ಬಿಸಾಡಿದ ಹಣ್ಣಿನ ಸಿಪ್ಪೆ ಬರೆದೆ. ಅದಕ್ಕೆ ದುಡ್ಡು ಕೇಳಲಿಲ್ಲ.